ಹಸಿರು ಮರದೊಳಗಿನ ಬೆಂಕಿ: ಎಣ್ಣೆ, ಅನ್ನ ಮತ್ತು ನಮ್ಮ ಲೆಕ್ಕ

ಪವಿತ್ರ ಕುರ್‌ಆನ್ ಮನುಷ್ಯನ ಚಿಂತನೆಗೆ ಮುಂದಿಡುವ ನಿದರ್ಶನಗಳು ಬಹುಪಾಲು ಅವನ ಕೈಗೆಟಕುವ ದೂರದಲ್ಲಿಯೇ ಇವೆ. ಮಳೆ, ಬೀಜ, ಜೇನುನೊಣ, ಹಾಲು, ಒಂಟೆ, ನೆರಳು. ಅವುಗಳ ಸಾಲಿನಲ್ಲಿ ಬೆಂಕಿಯೂ ಇದೆ. ಸತ್ತು ಮಣ್ಣಾದ ಮೂಳೆಗಳಿಗೆ ಮತ್ತೆ ಜೀವ ಬರುವುದುಂಟೇ ಎಂದು ಕುಹಕವಾಡಿದವರಿಗೆ ಉತ್ತರಿಸುವಾಗ ಯಾಸೀನ್ ಅಧ್ಯಾಯವು (36:80) ಹಸಿಯಾದ ಮರದಲ್ಲಿ ಬೆಂಕಿಯನ್ನು ಅಡಗಿಸಿಟ್ಟ ಸೃಷ್ಟಿಕರ್ತನ ಸಾಮರ್ಥ್ಯವನ್ನು ನೆನಪಿಸುತ್ತದೆ. ಅಲ್ ವಾಕಿಅಃ ಅಧ್ಯಾಯವು (56:71-73) ಬೆಂಕಿಗೆ ಆಧಾರವಾದ ಮರವನ್ನು ಬೆಳೆಸಿದವರು ಯಾರೆಂದು ಪ್ರಶ್ನಿಸಿ, ಆ ಬೆಂಕಿ ನಮಗೊಂದು ಎಚ್ಚರಿಕೆಯೂ ಹೌದು, ದಾರಿಹೋಕರಿಗೆ ಒದಗುವ ಸೌಕರ್ಯವೂ ಹೌದು ಎಂದು ತಿಳಿಸುತ್ತದೆ. ಅರಬರು ಮರ್ಖ್ ಮತ್ತು ಅಫಾರ್ ಎಂಬ ಎರಡು ಗಿಡಗಳ ಹಸಿ ಕೊಂಬೆಗಳನ್ನು ಉಜ್ಜಿ ಬೆಂಕಿ ಹೊತ್ತಿಸುತ್ತಿದ್ದ ಪದ್ಧತಿಯನ್ನು ವ್ಯಾಖ್ಯಾನಕಾರರು ಇಲ್ಲಿ ಉಲ್ಲೇಖಿಸಿದ್ದಾರೆ.

ನಾವು ಆ ಗಿಡಗಳನ್ನು ಕಂಡವರಲ್ಲ. ನಮ್ಮ ಮನೆಯಲ್ಲಿ ಈ ಸೂಕ್ತಗಳನ್ನು ಓದುವಾಗ ಕಣ್ಣ ಮುಂದೆ ಬರುವುದು ಹೊಂಗೆ ಮರ. ಹಾಸನ ಜಿಲ್ಲೆಯ ಅರಸೀಕೆರೆಯ ಕಡೆ ನಮ್ಮದು 6 ಎಕರೆ ಜಮೀನು. ಅರ್ಧದಷ್ಟು ತೆಂಗು, ಉಳಿದದ್ದರಲ್ಲಿ ರಾಗಿ, ಅವರೆ, ಮಳೆ ಚೆನ್ನಾಗಿ ಬಂದ ವರ್ಷ ಒಂದಿಷ್ಟು ತರಕಾರಿ. ಜಮೀನಿನ ಬದುಗಳ ಮೇಲೆ ನಮ್ಮ ದಾದಾ ನೆಟ್ಟ ಮೂವತ್ತಕ್ಕೂ ಹೆಚ್ಚು ಹೊಂಗೆ ಮರಗಳಿವೆ. ಅಬ್ಬಾ ಮತ್ತು ಅಣ್ಣ ಬೇಸಾಯ ಮಾಡುತ್ತಾರೆ. ನಾನು ಶಾಲಾ ಶಿಕ್ಷಕ. ವಾರದ ಕೊನೆಗೆ ಊರಿಗೆ ಹೋಗಿ ಜಮೀನಿನ ಲೆಕ್ಕ ಬರೆಯುವುದು ನನ್ನ ಪಾಲಿನ ಕೆಲಸ. ಈ ಲೇಖನವೂ ಒಂದರ್ಥದಲ್ಲಿ ಲೆಕ್ಕವೇ. ಕಳೆದ ಕೆಲವು ವರ್ಷಗಳಿಂದ ನಮ್ಮ ಟಿಲ್ಲರ್ ಮತ್ತು ಕೃಷಿ ಹೊಂಡದ ನೀರೆತ್ತುವ ಎಂಜಿನ್‌ಗೆ ಬೇಕಾದ ಇಂಧನದ ಒಂದು ಪಾಲನ್ನು ನಾವೇ ಎಣ್ಣೆಯಿಂದ ತಯಾರಿಸಿಕೊಳ್ಳುತ್ತಿದ್ದೇವೆ. ಆ ಕೆಲಸ ನಮ್ಮ ಮನೆಯಲ್ಲಿ ಎಬ್ಬಿಸಿದ ಪ್ರಶ್ನೆಗಳು ಡೀಸೆಲ್‌ಗಿಂತ ಬಹಳ ದೊಡ್ಡವು. ಅವುಗಳನ್ನು ಓದುಗರೊಂದಿಗೆ ಹಂಚಿಕೊಳ್ಳುವುದು ಉಚಿತವೆನಿಸಿತು.

ಹೊಂಗೆಯು ನಮ್ಮ ನಾಡಿನ ಹಳೆಯ ಬಂಧು. ಅದರ ನೆರಳು ತಂಪು, ಸೊಪ್ಪು ಗದ್ದೆಗೆ ಹಸಿರು ಗೊಬ್ಬರ, ಎಣ್ಣೆ ದೀಪಕ್ಕೆ. ಸೀಮೆಎಣ್ಣೆ ಬರುವ ಮುನ್ನ ಹಳ್ಳಿಯ ಮನೆಗಳಲ್ಲಿ ರಾತ್ರಿಯ ಬೆಳಕು ಹೆಚ್ಚಾಗಿ ಅದರದೇ ಆಗಿತ್ತು. ದಾದಿ ಮಗ್ರಿಬ್ ನಮಾಝಿಗೆ ಮೊದಲು ಹಚ್ಚುತ್ತಿದ್ದ ಹಣತೆಯ ಘಾಟು ವಾಸನೆಯನ್ನು ಅಬ್ಬಾ ಇಂದಿಗೂ ನೆನಪಿಸಿಕೊಳ್ಳುತ್ತಾರೆ. ಎಣ್ಣೆಯ ದೀಪಕ್ಕೂ ನಮ್ಮ ಇತಿಹಾಸಕ್ಕೂ ಹತ್ತಿರದ ನಂಟಿದೆ. ಮಸೀದಿಯಲ್ಲಿ ಮೊದಲು ದೀಪ ಬೆಳಗಿಸಿದವರು ತಮೀಮುದ್ದಾರಿ (ರ) ಎಂದು ಇಬ್ನು ಮಾಜಃ ವರದಿ ಮಾಡಿದ್ದಾರೆ. ಅನ್ನೂರ್ ಅಧ್ಯಾಯದಲ್ಲಿ (24:35) ಅಲ್ಲಾಹನ ಪ್ರಕಾಶಕ್ಕೆ ನೀಡಲಾದ ಉಪಮೆಯಲ್ಲಿಯೂ ಅನುಗ್ರಹೀತ ಮರವೊಂದರ ಎಣ್ಣೆ ಇದೆ. ಇನ್ನೊಂದೆಡೆ (23:20) ಅದೇ ಬಗೆಯ ಮರ ಎಣ್ಣೆಯನ್ನೂ ಉಣ್ಣುವವರಿಗೆ ವ್ಯಂಜನವನ್ನೂ ಕೊಡುವುದಾಗಿ ಹೇಳಲಾಗಿದೆ. ಒಂದೇ ಎಣ್ಣೆ ಹೊಟ್ಟೆಗೂ ಆಗುತ್ತದೆ, ಬೆಳಕಿಗೂ ಆಗುತ್ತದೆ. ನಮ್ಮ ಮನೆಯ ಚರ್ಚೆಯ ತಿರುಳೂ ಇದುವೇ.

ಎಂಜಿನ್ನಿಗೂ ಎಣ್ಣೆಗೂ ಇರುವ ಸಂಬಂಧ ಹೊಸತಲ್ಲ. 1900ರಲ್ಲಿ ಪ್ಯಾರಿಸ್‌ನ ವಿಶ್ವ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತು. ಆಫ್ರಿಕಾದ ವಸಾಹತುಗಳಲ್ಲಿ ಹೇರಳವಾಗಿ ಬೆಳೆಯುತ್ತಿದ್ದ ಕಡಲೆಕಾಯಿಯನ್ನು ಅಲ್ಲಿಯೇ ಇಂಧನವಾಗಿಸಬಹುದೇ ಎಂಬುದು ಆಗಿನ ಫ್ರೆಂಚ್ ಸರಕಾರದ ಆಸಕ್ತಿಯಾಗಿತ್ತು. ಎಂಜಿನ್ನಿನ ಜನಕ ರುಡಾಲ್ಫ್ ಡೀಸೆಲ್ ಅವರೇ 1912ರಲ್ಲಿ ಇದನ್ನು ದಾಖಲಿಸಿದ್ದಾರೆ. ನಮ್ಮ ರಾಜ್ಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ಹಳ್ಳಿಯ ಹೊಲಗಳಿಗೆ ನೀರು ಹರಿಸಿ ತೋರಿಸಿದರು. 2009ರಲ್ಲಿ ಕರ್ನಾಟಕ ಸರಕಾರ ತನ್ನದೇ ಜೈವಿಕ ಇಂಧನ ನೀತಿಯನ್ನು ರೂಪಿಸಿತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಹೆಸರುಗಳಲ್ಲಿ ಹೊಂಗೆ, ಬೇವು, ಹಿಪ್ಪೆಯಂತಹ ಮರಗಳನ್ನು ಬೆಳೆಸುವ ಕಾರ್ಯಕ್ರಮಗಳು ಬಂದವು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನ ನಮ್ಮ ಜಿಲ್ಲೆಯ ಮಡೇನೂರಿನಲ್ಲಿಯೇ ಇದೆ. ಡಿಪ್ಲೊಮಾ ಓದಿದ ಅಣ್ಣ ಈ ಕೆಲಸದ ಮೊದಲ ಪಾಠಗಳನ್ನು ಕಲಿತದ್ದು ಅಲ್ಲಿ.

ಅವನನ್ನು ಅಲ್ಲಿಗೆ ಅಟ್ಟಿದ್ದು ಬರಗಾಲ. ಸತತವಾಗಿ ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಭಾಗದ ತೆಂಗಿನ ತೋಟಗಳು ಸುಳಿ ಬತ್ತಿ ನಿಂತವು. ಕೊಳವೆ ಬಾವಿಗೆಂದು ಸಹಕಾರ ಸಂಘದಿಂದ ಸಾಲ ತೆಗೆದೆವು. ನೀರು ಬರಲಿಲ್ಲ, ಸಾಲ ಉಳಿಯಿತು. ಹೊಂಡದ ನೀರನ್ನು ಎಂಜಿನ್ ಹಚ್ಚಿ ಎತ್ತಬೇಕು, ಎತ್ತುಗಳ ಬದಲು ಟಿಲ್ಲರ್ ಬಂದಿದೆ. ವರ್ಷಕ್ಕೆ ಸುಮಾರು 500 ಲೀಟರ್ ಡೀಸೆಲ್. ನನ್ನ ಲೆಕ್ಕದ ಪುಸ್ತಕದಲ್ಲಿ ಗೊಬ್ಬರಕ್ಕಿಂತ ದೊಡ್ಡ ಅಂಕಿ ಅದಾಗಿತ್ತು.

ಎಣ್ಣೆಯನ್ನು ಹಾಗೆಯೇ ಟ್ಯಾಂಕಿಗೆ ಸುರಿಯಬಾರದೇ ಎಂದು ಕೇಳುವವರಿದ್ದಾರೆ. ಎಣ್ಣೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ಹಾಗೆಯೇ ಹಾಕಿದರೆ ಕೆಲಕಾಲ ಓಡೀತು, ಮುಂದೆ ನಾಜಲ್‌ನಲ್ಲಿ ಮಸಿ ಕಟ್ಟಿ ಎಂಜಿನ್ ಕೆಡುತ್ತದೆ. ಆದ್ದರಿಂದ ಎಣ್ಣೆಯ ಅಣುವನ್ನು ಒಡೆದು ತೆಳುಗೊಳಿಸಬೇಕು. ಸೋಸಿ, ನೀರಿನ ಅಂಶವನ್ನೆಲ್ಲ ಕಾಯಿಸಿ ತೆಗೆದ ಎಣ್ಣೆಗೆ ಅದರ ಐದನೇ ಒಂದು ಭಾಗ ಮೆಥನಾಲ್, ಲೀಟರಿಗೆ ಮೂರೂವರೆ ಗ್ರಾಮಿನಷ್ಟು ಕಾಸ್ಟಿಕ್ ಸೋಡಾ. ಮೊದಲು ಸೋಡಾವನ್ನು ಮೆಥನಾಲ್‌ನಲ್ಲಿ ಕರಗಿಸಿಕೊಂಡು, ನಂತರ 55 ಡಿಗ್ರಿಯಷ್ಟು ಬೆಚ್ಚಗಿರುವ ಎಣ್ಣೆಗೆ ಸೇರಿಸಿ, ಮುಚ್ಚಿದ ಡ್ರಮ್ಮಿನಲ್ಲಿ ಒಂದು ಗಂಟೆ ಕಲಕಬೇಕು. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಎರಡು ಪದರ ಕಾಣುತ್ತದೆ. ಕೆಳಗೆ ಕಾಕಂಬಿಯಂತಹ ಕಪ್ಪು ಗ್ಲಿಸರಿನ್, ಮೇಲೆ ಜೇನಿನ ಬಣ್ಣದ ಇಂಧನ. ಗ್ಲಿಸರಿನ್ ಇಳಿಸಿ, ಇಂಧನವನ್ನು ನೀರಿನಿಂದ ಮೂರು ನಾಲ್ಕು ಸಲ ತೊಳೆದು, ಒಣಗಿಸಿ, ಸೋಸಿದರೆ ಬಯೋಡೀಸೆಲ್ ಸಿದ್ಧ.

ಕರಿದ ಎಣ್ಣೆಗೆ ಸೋಡಾ ಹೆಚ್ಚು ಬೇಕು. ಎಷ್ಟು ಹೆಚ್ಚು ಎಂಬುದನ್ನು ಪ್ರತಿ ಸಲವೂ ಪರೀಕ್ಷಿಸಬೇಕು. ಇದಕ್ಕೆ ಅಣ್ಣ ಬಳಸುವುದು ಅಮ್ಮಿಯ ಅಡುಗೆಮನೆಯ ಅರಿಶಿನವನ್ನು. ಎಣ್ಣೆಯ ಮಾದರಿಗೆ ಚಿಟಿಕೆ ಅರಿಶಿನ ಬೆರೆಸಿ ಸೋಡಾ ನೀರನ್ನು ಹನಿಹನಿಯಾಗಿ ಬಿಡುತ್ತಾ ಹೋದರೆ, ಎಣ್ಣೆಯ ಹುಳಿ ತೀರಿದ ಕ್ಷಣದಲ್ಲಿ ಹಳದಿ ಕೆಂಪಾಗುತ್ತದೆ. ಅಷ್ಟು ಹನಿಗಳ ಲೆಕ್ಕವೇ ಸೋಡಾದ ಲೆಕ್ಕ. ಹೊಂಗೆ ಎಣ್ಣೆಯ ಹುಳಿ ಇನ್ನೂ ಹೆಚ್ಚು, ಅದನ್ನು ಮೊದಲು ಆಮ್ಲದಿಂದ ಹದಗೊಳಿಸಿಕೊಳ್ಳಬೇಕು. ಇದನ್ನು ಓದಿ ಯಾರೂ ಅಡುಗೆಮನೆಯಲ್ಲಿ ಪ್ರಯೋಗಕ್ಕೆ ಇಳಿಯಬಾರದೆಂದು ವಿನಂತಿ. ಮೆಥನಾಲ್ ಮಹಾ ವಿಷ. ಒಳಗೆ ಹೋದರೆ ಕಣ್ಣನ್ನೂ ಪ್ರಾಣವನ್ನೂ ಕಳೆಯಬಲ್ಲದು. ಅದರ ಆವಿ ಬೇಗ ಹೊತ್ತಿಕೊಳ್ಳುತ್ತದೆ, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೂ ಕಷ್ಟ. ನಮ್ಮ ಡ್ರಮ್ಮು ಮನೆಯಿಂದ ದೂರ, ಗಾಳಿಯಾಡುವ ಚಪ್ಪರದಡಿ ಇದೆ. ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ.

ಆರಂಭದಲ್ಲಿ ಅಣ್ಣನ ಯೋಜನೆ ದೊಡ್ಡದಿತ್ತು. ರಾಗಿ ಬೆಳೆಯುವ 2 ಎಕರೆಯಲ್ಲಿ ಸೂರ್ಯಕಾಂತಿ ಹಾಕಿ, ಬೀಜವನ್ನು ಗಾಣಕ್ಕೆ ಕೊಟ್ಟು, ಬಂದ ಎಣ್ಣೆಯನ್ನೆಲ್ಲ ಇಂಧನ ಮಾಡುವುದು. ಸೂರ್ಯಕಾಂತಿ ಎಣ್ಣೆ ತಿಳಿಯಾದದ್ದು, ಹುಳಿ ಕಡಿಮೆ, ಕೆಲಸ ಸುಲಭ. ಒಂದು ರಾತ್ರಿ ಊಟದ ನಂತರ ಅವನು ಇದನ್ನು ಮುಂದಿಟ್ಟ. ಅಬ್ಬಾ ಸುಮ್ಮನೆ ಕೇಳಿಸಿಕೊಂಡು, ನನ್ನ ಕಡೆ ತಿರುಗಿ, “ಲೆಕ್ಕ ಹಾಕು ಬೇಟಾ” ಎಂದರು.

ನಾನು ಹಾಕಿದೆ. ಮಳೆಯಾಶ್ರಿತ ಭೂಮಿಯಲ್ಲಿ ಎಕರೆಗೆ ಮೂರು ನಾಲ್ಕು ಕ್ವಿಂಟಾಲ್ ಬೀಜ. ಅದರಿಂದ ಹೆಚ್ಚೆಂದರೆ ನೂರು ನೂರೈವತ್ತು ಲೀಟರ್ ಎಣ್ಣೆ. ನಮ್ಮಂತಹ ಐದಾರು ಜನರ ಮನೆಗೆ ತಿಂಗಳಿಗೆ 4 ಲೀಟರ್ ಅಡುಗೆ ಎಣ್ಣೆ, ವರ್ಷಕ್ಕೆ 48 ಲೀಟರ್. ಬಾಡಿಗೆಗೆ ಬರುವ ದೊಡ್ಡ ಟ್ರ್ಯಾಕ್ಟರ್ ಆಳದ ಉಳುಮೆಯಲ್ಲಿ ಗಂಟೆಗೆ 5 ಲೀಟರಿನಷ್ಟು ಕುಡಿಯುತ್ತದೆ. ಅಂದರೆ ಒಂದು ಕುಟುಂಬ ವರ್ಷವಿಡೀ ಒಗ್ಗರಣೆ ಹಾಕುವ ಎಣ್ಣೆಯನ್ನು ಅದು ಹತ್ತು ಗಂಟೆಗಳಲ್ಲಿ ಮುಗಿಸುತ್ತದೆ. ಈ ಅಂಕಿಯನ್ನು ನಾನು ಗಟ್ಟಿಯಾಗಿ ಓದಿದಾಗ ಅಮ್ಮಿ ಪಾತ್ರೆ ಎತ್ತುತ್ತಿದ್ದವರು ನಿಂತುಬಿಟ್ಟರು.

ಅಬ್ಬಾ ಹೇಳಿದ್ದು ಇಷ್ಟೇ: “ಹೊಲ ಅನ್ನ ಕೊಡುವ ತನಕ ಅದನ್ನು ಅನ್ನಕ್ಕೇ ಬಿಡೋಣ. ಎಂಜಿನ್ನಿಗೆ ಹಸಿವಾದರೆ ಅದು ಅಳುವುದಿಲ್ಲ.”

ಈ ಮಾತು ಒಂದು ಮನೆಯದ್ದಷ್ಟೇ ಅಲ್ಲ. 2007-08ರಲ್ಲಿ ಜಗತ್ತಿನಾದ್ಯಂತ ಆಹಾರದ ಬೆಲೆ ಗಗನಕ್ಕೇರಿ ಹಲವು ಬಡ ರಾಷ್ಟ್ರಗಳಲ್ಲಿ ಜನ ಬೀದಿಗಿಳಿದಾಗ, ಅದರ ಹಲವು ಕಾರಣಗಳಲ್ಲಿ ಒಂದಾಗಿ ಚರ್ಚೆಗೆ ಬಂದದ್ದು ಶ್ರೀಮಂತ ದೇಶಗಳು ಜೋಳವನ್ನೂ ಖಾದ್ಯ ತೈಲವನ್ನೂ ವಾಹನಗಳ ಇಂಧನಕ್ಕೆ ತಿರುಗಿಸಿದ್ದು. ನಮ್ಮ ದೇಶ ತನಗೆ ಬೇಕಾದ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಭಾರತದ ಜೈವಿಕ ಇಂಧನ ನೀತಿಯು ಬಯೋಡೀಸೆಲ್‌ಗೆ ತಿನ್ನಲಾಗದ ಎಣ್ಣೆ ಮತ್ತು ಬಳಸಿ ಉಳಿದ ಎಣ್ಣೆಗೆ ಒತ್ತು ಕೊಟ್ಟಿರುವುದರ ಹಿಂದೆ ಈ ವಾಸ್ತವವಿದೆ. ಭೂಮಿಯ ಮೇಲೆ ಮನುಷ್ಯನನ್ನು ಖಲೀಫನನ್ನಾಗಿ ಮಾಡಲಾಗಿದೆ ಎಂದು ನಾವು ನಂಬುತ್ತೇವೆ. ಪ್ರತಿನಿಧಿಗೆ ಕೈಗೆ ಬಂದದ್ದನ್ನೆಲ್ಲ ಉರಿಸುವ ಅಧಿಕಾರವಿಲ್ಲ. ಅವನು ಒಡೆಯನಿಗೆ ಲೆಕ್ಕ ಒಪ್ಪಿಸಬೇಕಾದವನು. ಅನ್ನ ಬೆಳೆಯುವ ನೆಲವನ್ನು ಅನ್ನಕ್ಕೆ, ಬದುವನ್ನು ಹೊಂಗೆಗೆ, ಬಾಣಲೆಯಲ್ಲಿ ಉಳಿದದ್ದನ್ನು ಎಂಜಿನ್ನಿಗೆ ಎಂಬ ವಿಂಗಡಣೆಯನ್ನು ಅಂದು ರಾತ್ರಿ ನಮ್ಮ ಮನೆ ಒಪ್ಪಿಕೊಂಡಿತು.

ಹೊಂಗೆಯ ಕಾಯಿ ಬಲಿಯುವುದು ಫೆಬ್ರವರಿಯಿಂದ ಬೇಸಿಗೆಯ ನಡುವಿನವರೆಗೆ, ಹೊಲದಲ್ಲಿ ಕೂಲಿ ಕೆಲಸ ಕಡಿಮೆಯಿರುವ ಕಾಲದಲ್ಲಿ. ಊರಿನ ಕೆಲವು ಹೆಂಗಸರು, ಅವರಲ್ಲಿ ಇಬ್ಬರು ವಿಧವೆಯರು, ಕಾಯಿ ಆರಿಸಿ ಸುಲಿದು ಬೀಜ ತರುತ್ತಾರೆ. ಅಬ್ಬಾ ಅದನ್ನು ತೂಗಿ ಅಂದೇ ಹಣ ಕೊಡುತ್ತಾರೆ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆ ಅವರಿಗೆ ಬಾಯಿಮಾತಲ್ಲ. ನಮ್ಮ ಮರದ ಕೊಂಬೆ ದಾರಿಯ ಕಡೆ ಚಾಚಿದ್ದರೆ ಅಲ್ಲಿ ಉದುರಿದ ಕಾಯಿ ಆಯ್ದುಕೊಂಡವರದ್ದು. ನಾಲ್ಕು ಕಿಲೋ ಬೀಜ ಗಾಣಕ್ಕೆ ಹಾಕಿದರೆ ಒಂದು ಕಿಲೋ ಎಣ್ಣೆ, ಮೂರು ಕಿಲೋದಷ್ಟು ಹಿಂಡಿ. ಹಿಂಡಿ ಕಹಿಯಾದ್ದರಿಂದ ದನಗಳಿಗೆ ಆಗದು, ಆದರೆ ಮಣ್ಣಿಗೆ ಅದು ಉತ್ತಮ ಗೊಬ್ಬರ, ಗೆದ್ದಲಿಗೂ ತಡೆ. ಮಳೆಯ ನೀರಿನಲ್ಲಿ ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು ಕೊಡಬೇಕಾದುದು ನಮಗೆ ತಿಳಿದದ್ದೇ. ಹೊಂಗೆ ಬೀಜಕ್ಕೂ ಅದು ಅನ್ವಯಿಸುತ್ತದೆಯೇ ಎಂಬ ಚರ್ಚೆಗೆ ಅಬ್ಬಾ ಕಾಯಲಿಲ್ಲ. ಸುಗ್ಗಿ ಮುಗಿದ ವಾರ ಹಿಂಡಿಯ ಹತ್ತನೇ ಒಂದು ಪಾಲು ತುಂಡು ಭೂಮಿಯ ಬಡ ರೈತರ ಮನೆಗೆ ಹೋಗುತ್ತದೆ.

ಇನ್ನು ಬಾಣಲೆಯ ಎಣ್ಣೆಯ ವಿಷಯ. ನಮ್ಮ ಶಾದಿ ಮಹಲ್‌ಗಳಲ್ಲಿ ಒಂದು ವಲೀಮಾ ಮುಗಿದಾಗ ಕಬಾಬ್ ಕರಿದ ಎಣ್ಣೆ ಒಂದು ಡಬ್ಬಿಯಾದರೂ ಉಳಿಯುತ್ತದೆ. ರಮಝಾನ್ ತಿಂಗಳಲ್ಲಿ ಮಸೀದಿ ಬೀದಿಯ ಸಮೋಸ, ಪಕೋಡದ ಅಂಗಡಿಗಳಲ್ಲಿ ಉಳಿಯುವುದು ಅದಕ್ಕಿಂತ ಹೆಚ್ಚು. ಮೊದಲು ಇದು ಚರಂಡಿಗೆ ಹೋಗುತ್ತದೆಂದು ನಾವು ಭಾವಿಸಿದ್ದೆವು. ಅಣ್ಣ ಡಬ್ಬಿ ಹಿಡಿದು ಹೋದಾಗ ಜನ ಸಂತೋಷದಿಂದ ಕೊಟ್ಟರು. ಒಂದೇ ಋತುವಿನಲ್ಲಿ ಸುಮಾರು 300 ಲೀಟರ್ ಸಂಗ್ರಹವಾಯಿತು.

ಆಗ ಒಬ್ಬ ವ್ಯಾಪಾರಿ ಮನೆಗೆ ಬಂದ. ನಾವು ಸಂಗ್ರಹಿಸಿದ ಎಣ್ಣೆಗೆ, ಅದರಿಂದ ನಾವು ಉಳಿಸಬಹುದಾದ ಡೀಸೆಲ್‌ನ ಬೆಲೆಗಿಂತ ಹೆಚ್ಚು ಕೊಡುವುದಾಗಿ ಹೇಳಿದ. ಏನು ಮಾಡುತ್ತೀರಿ ಎಂದು ಅಣ್ಣ ಕೇಳಿದಾಗ ಅವನು ಮುಚ್ಚುಮರೆ ಮಾಡಲಿಲ್ಲ. ಸೋಸಿ, ಬಣ್ಣ ತಿಳಿಯಾಗಿಸಿ, ಹೊಸ ಎಣ್ಣೆಗೆ ಬೆರೆಸಿ, ಬಿಡಿ ಎಣ್ಣೆಯಾಗಿ ತಳ್ಳುಗಾಡಿಯವರಿಗೆ ಮಾರುವುದು. “ಎಲ್ಲರೂ ಮಾಡುತ್ತಾರೆ ಸಾಹೇಬರೇ, ಯಾರೂ ಸತ್ತಿಲ್ಲ” ಎಂದ. ಸಹಕಾರ ಸಂಘದ ಕಂತಿಗೆ ಆಗ ಮೂರು ವಾರ ಬಾಕಿ ಇತ್ತು. ನನ್ನ ಪುಸ್ತಕದಲ್ಲಿ ಆ ಕಂತಿನ ಎದುರು ಬರೆಯಲು ಬೇರೆ ಯಾವ ಆದಾಯವೂ ಇರಲಿಲ್ಲ. ಅವನು ಹೇಳಿದ ಮೊತ್ತ ಅದರ ಬಹುಪಾಲನ್ನು ತೀರಿಸುತ್ತಿತ್ತು.

ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ದೇಹಕ್ಕೆ ಹಾನಿಕರವಾದ ಸಂಯುಕ್ತಗಳು ಹೆಚ್ಚುತ್ತಾ ಹೋಗುತ್ತವೆ. ಅವುಗಳ ಪ್ರಮಾಣ ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮವನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ಜಾರಿಗೆ ತಂದಿದೆ. ಅದೇ ವರ್ಷ ಆಗಸ್ಟ್ 10ರಂದು, ವಿಶ್ವ ಜೈವಿಕ ಇಂಧನ ದಿನದಂದು, ಬಳಸಿದ ಅಡುಗೆ ಎಣ್ಣೆಯನ್ನು ಬಯೋಡೀಸೆಲ್ ತಯಾರಿಕೆಗೆ ಕಳುಹಿಸುವ ಕಾರ್ಯಕ್ರಮವನ್ನೂ ಆರಂಭಿಸಿತು. ಕಾನೂನು ಇದೆ. ಆದರೆ ಸಂತೆಯ ಮೂಲೆಯ ತಳ್ಳುಗಾಡಿಯ ಬಾಣಲೆಯನ್ನು ಇಣುಕಿ ನೋಡುವವರು ಯಾರು? ಅಲ್ಲಿ ತಿನ್ನುವವನು ದಿನಗೂಲಿಯವನು; ಶಾಲೆ ಬಿಟ್ಟು ಬರುವ ಮಗು. ನನ್ನ ತರಗತಿಯ ಮಕ್ಕಳೇ ಐದು ರೂಪಾಯಿ ಹಿಡಿದು ಅಲ್ಲಿ ನಿಲ್ಲುವುದನ್ನು ನಾನು ನಿತ್ಯ ನೋಡುತ್ತೇನೆ.

ಒಮ್ಮೆ ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಒಳಗೆ ಕೈ ಹಾಕಿದರು. ಮೇಲೆ ಒಣಗಿದ್ದ ರಾಶಿ ಒಳಗೆ ಒದ್ದೆಯಾಗಿತ್ತು. ಮಳೆಯಿಂದ ಹಾಗಾಯಿತು ಎಂದು ವ್ಯಾಪಾರಿ ಸಬೂಬು ಹೇಳಿದಾಗ, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ವಿಚಾರಿಸಿ, ವಂಚಿಸುವವನೊಂದಿಗೆ ತಮಗೆ ಸಂಬಂಧವಿಲ್ಲವೆಂದು ಸಾರಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಪ್ರಸಂಗದಲ್ಲಿ ನನ್ನನ್ನು ಯಾವಾಗಲೂ ತಟ್ಟುವುದು ಆ ಒಳಗೆ ಹಾಕಿದ ಕೈ. ತಿಳಿಯಾಗಿಸಿದ ಹಳೆಯ ಎಣ್ಣೆಯ ಡಬ್ಬಿಯೊಳಗೆ ಹಾಗೆ ಕೈ ಹಾಕಿ ನೋಡುವವರು ಇಂದು ಯಾರೂ ಇಲ್ಲ. ನಾವು ನೇರವಾಗಿ ಬೆರಕೆ ಮಾಡುವವರಲ್ಲ, ಕೇವಲ ಡಬ್ಬಿ ಮಾರುವವರು ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಎಲ್ಲಿಗೆ ಹೋಗುತ್ತದೆಂದು ತಿಳಿದೇ ಕೊಡುವವನೂ ಪಾಪದ ಕೆಲಸದಲ್ಲಿ ಕೈಜೋಡಿಸಿದಂತೆಯೇ. ಪಾಪ ಮತ್ತು ಅತಿಕ್ರಮದ ಕೆಲಸಗಳಲ್ಲಿ ಪರಸ್ಪರ ನೆರವಾಗುವುದನ್ನು ಕುರ್‌ಆನ್ (5:2) ಸ್ಪಷ್ಟವಾಗಿ ನಿಷೇಧಿಸಿದೆ.

ಅಬ್ಬಾ ವ್ಯಾಪಾರಿಗೆ ಚಹಾ ಕೊಡಿಸಿದರು. ನಂತರ ಹೇಳಿದರು: “ಆ ಎಣ್ಣೆಯಲ್ಲಿ ಕರಿದದ್ದನ್ನು ತಿನ್ನುವ ಮಗು ಯಾರದ್ದೆಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿರುವವನು ಒಬ್ಬನಿದ್ದಾನೆ. ಅವನು ಕೇಳಿದರೆ ನನ್ನ ಹತ್ತಿರ ಉತ್ತರ ಇರಬೇಕಲ್ಲ.” ವ್ಯಾಪಾರಿ ಎದ್ದು ಹೋದ. ಬಕ್ರೀದ್ ಸಂತೆಗೆಂದು ಸಾಕಿದ್ದ ನಾಲ್ಕು ಟಗರುಗಳನ್ನು ಅಬ್ಬಾ ಎರಡು ತಿಂಗಳು ಮೊದಲೇ, ಕಡಿಮೆ ಬೆಲೆಗೆ ಮಾರಿದರು. ಅಣ್ಣನ ಮಗಳು ಅವುಗಳಿಗೆ ಮುರಿದ ರೊಟ್ಟಿ ತಿನ್ನಿಸುತ್ತಿದ್ದವಳು, ಎರಡು ದಿನ ಯಾರೊಂದಿಗೂ ಮಾತನಾಡಲಿಲ್ಲ. ಕಂತು ತೀರಿತು. ಹಲಾಲ್ ಸಂಪಾದನೆ ಎಂಬುದು ವೇದಿಕೆಯ ಮೇಲೆ ಸುಲಭವಾಗಿ ಉಚ್ಚರಿಸಬಹುದಾದ ಪದ. ಅದರ ಬೆಲೆಯನ್ನು ಯಾರೋ ಒಬ್ಬರು ಯಾವುದೋ ಒಂದು ಸಂತೆಯಲ್ಲಿ ತೆರಬೇಕಾಗುತ್ತದೆ.

ಈ ನಡುವೆ ಊರಿನಲ್ಲಿ ಎರಡು ಸಂದೇಹಗಳು ಎದ್ದವು. ಹೋಟೆಲುಗಳ ಎಣ್ಣೆಯಲ್ಲಿ ಏನೇನು ಕರಿದಿದ್ದಾರೋ, ಅದು ಅಶುದ್ಧವಾಗಿದ್ದರೆ ನಮ್ಮ ಹೊಲಕ್ಕೆ ಬಳಸಬಹುದೇ ಎಂಬುದು ಒಂದು. ಮೆಥನಾಲ್ ಮದ್ಯವಲ್ಲವೇ ಎಂಬುದು ಇನ್ನೊಂದು. ನಮ್ಮ ಮೌಲಾನಾರು ಎರಡನ್ನೂ ತಾಳ್ಮೆಯಿಂದ ಬಿಡಿಸಿದರು. ತುಪ್ಪದಲ್ಲಿ ಇಲಿ ಬಿದ್ದ ಪ್ರಸಂಗದ ಹದೀಸ್ ಬುಖಾರಿಯಲ್ಲಿದೆ. ಇಲಿಯನ್ನೂ ಅದರ ಸುತ್ತಲಿನ ಭಾಗವನ್ನೂ ತೆಗೆದೆಸೆದು ಉಳಿದದ್ದನ್ನು ಬಳಸಲು ಪ್ರವಾದಿ(ಸ)ರು ಅನುಮತಿಸಿದ್ದರು. ಎಣ್ಣೆಯಂತಹ ದ್ರವ ಅಶುದ್ಧವಾದರೆ ಏನು ಮಾಡಬೇಕೆಂದು ಫಿಕ್ಹ್ ವಿದ್ವಾಂಸರು ವಿಸ್ತಾರವಾಗಿ ಚರ್ಚಿಸಿದ್ದಾರೆ. ತಿನ್ನಲು ಆಗದಿದ್ದರೂ ಮಸೀದಿಯ ಹೊರಗೆ ದೀಪ ಉರಿಸಲು ಬಳಸಬಹುದೆಂದು ಅನೇಕರು ಅಭಿಪ್ರಾಯಪಟ್ಟಿದ್ದಾರೆ. ಎಂಜಿನ್ನಿನ ಬೆಂಕಿಯೂ ಅದೇ ಜಾತಿಯದ್ದು ಎಂದರು ಮೌಲಾನಾ. ಮೆಥನಾಲ್ ಯಾರೂ ಅಮಲಿಗಾಗಿ ಕುಡಿಯಬಹುದಾದ ವಸ್ತುವಲ್ಲ, ಅದು ವಿಷ. ಇಲ್ಲಿ ಅದು ಎಣ್ಣೆಯೊಂದಿಗೆ ಸೇರಿ ಬೇರೆಯೇ ವಸ್ತುವಾಗುತ್ತದೆ ಎಂದು ಅಣ್ಣ ವಿವರಿಸಿದಾಗ ಹಿರಿಯರಿಗೆ ಸಮಾಧಾನವಾಯಿತು.

ಮೌಲಾನಾರು ಇನ್ನೊಂದು ಹದೀಸನ್ನೂ ಎತ್ತಿ ಹೇಳಿದರು. ಸತ್ತು ಬಿದ್ದ ಆಡೊಂದನ್ನು ಕಂಡ ಪ್ರವಾದಿ(ಸ)ರು, ಅದರ ತೊಗಲನ್ನಾದರೂ ಹದಮಾಡಿ ಬಳಸಬಹುದಿತ್ತಲ್ಲ ಎಂದರು. ಅದು ಸತ್ತದ್ದೆಂದು ಜನ ಹೇಳಿದಾಗ, ನಿಷಿದ್ಧವಾದದ್ದು ಅದನ್ನು ತಿನ್ನುವುದು ಮಾತ್ರ ಎಂದು ತಿಳಿಸಿದರು. ತಿನ್ನಲಾಗದ್ದೆಲ್ಲ ಬಿಸಾಡತಕ್ಕದ್ದಲ್ಲ ಎಂಬ ಈ ದೃಷ್ಟಿಯಲ್ಲಿ ಎಷ್ಟು ವಿವೇಕವಿದೆ! ನಾವು ದುಂದುವೆಚ್ಚ ಎಂದಾಗ ಹಣವನ್ನಷ್ಟೇ ನೆನೆಯುತ್ತೇವೆ. ಹೊಂಗೆಯ ಕಾಯಿ ಚರಂಡಿಯಲ್ಲಿ ಕೊಳೆಯುವುದೂ, ಕರಿದ ಎಣ್ಣೆ ಮೋರಿ ಸೇರಿ ಕೆರೆಯ ಮೇಲೆ ಪೊರೆ ಕಟ್ಟುವುದೂ ದುಂದೇ ಅಲ್ಲವೇ?

ಇಂಧನ ತೊಳೆದ ಸಾಬೂನು ನೀರಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕಾಯಿತು. ಜನ ನೀರಿಗೆ ಬರುವ ಜಾಗ, ನಡೆಯುವ ದಾರಿ, ಕೂರುವ ನೆರಳು, ಇವುಗಳನ್ನು ಹೊಲಸು ಮಾಡುವುದು ಶಾಪ ತರುವ ಕೆಲಸವೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ನಾವು ಆ ನೀರನ್ನು ಹೊಂಡದ ಕಡೆ ಹರಿಯಗೊಡದೆ, ದೂರದಲ್ಲಿ ತೊಟ್ಟಿ ಕಟ್ಟಿ ತಂಗಿಸುತ್ತೇವೆ. ಗ್ಲಿಸರಿನ್‌ನಿಂದ ಮೆಥನಾಲ್ ಅಂಶವನ್ನು ತೆಗೆದ ನಂತರ ಅದರಲ್ಲಿ ಡ್ರಮ್ಮು, ಟಿಲ್ಲರಿನ ಗ್ರೀಸ್ ತೊಳೆಯುವ ಸಾಬೂನು ಮಾಡುತ್ತೇವೆ.

ಈಗ ಲಾಭ ನಷ್ಟದ ಮಾತು. ವರ್ಷಕ್ಕೆ ನಮ್ಮ ಹೊಂಗೆಯಿಂದ ನೂರು ಲೀಟರಿಗೆ ಸ್ವಲ್ಪ ಮೇಲೆ, ಕರಿದ ಎಣ್ಣೆಯಿಂದ 200ರಿಂದ 250 ಲೀಟರ್ ಇಂಧನ ಸಿಗುತ್ತದೆ. ಅದನ್ನು ಡೀಸೆಲ್‌ನೊಂದಿಗೆ ಬೆರೆಸಿ ಬಳಸುತ್ತೇವೆ. ಮೊದಲ ತಿಂಗಳುಗಳಲ್ಲಿ ಅದು ಟ್ಯಾಂಕಿನ ಹಳೆಯ ಕೊಳೆಯನ್ನೆಲ್ಲ ಕಿತ್ತು ಫಿಲ್ಟರ್ ಕಟ್ಟಿಸಿತು. ರಬ್ಬರ್ ಪೈಪುಗಳನ್ನು ಬದಲಿಸಬೇಕಾಯಿತು. ಹೋಟೆಲುಗಳಲ್ಲಿ ಹೆಚ್ಚಾಗಿ ತಾಳೆ ಎಣ್ಣೆಯನ್ನೇ ಬಳಸುವುದರಿಂದ ಡಿಸೆಂಬರಿನ ಚಳಿಯ ಬೆಳಗಿನಲ್ಲಿ ನಮ್ಮ ಇಂಧನ ಮಂಜುಗಟ್ಟಿದಂತೆ ಮಂದವಾಗುತ್ತದೆ. ಆಗ ಅದರ ಪ್ರಮಾಣ ಕಡಿಮೆ ಮಾಡುತ್ತೇವೆ. ಮೆಥನಾಲ್, ಸೋಡಾ, ಸೌದೆ, ಅಣ್ಣನ ಶ್ರಮ ಎಲ್ಲವನ್ನೂ ಕಳೆದರೆ ಉಳಿತಾಯ ನಮ್ಮನ್ನು ಶ್ರೀಮಂತರನ್ನಾಗಿಸುವಷ್ಟಿಲ್ಲ. ಆದರೆ ಆ ಸಾಲದ ಕಂತುಗಳಲ್ಲಿ ವರ್ಷಕ್ಕೆ ಒಂದನ್ನು ಅದೇ ತೀರಿಸುತ್ತಿದೆ. ಟಿಲ್ಲರಿನ ಹೊಗೆ ಈಗ ಕಣ್ಣಿಗೆ ಅಷ್ಟಾಗಿ ಉರಿಯುವುದಿಲ್ಲ. ಅದರಿಂದ ಕರಿದ ತಿಂಡಿಯ ವಾಸನೆ ಬರುತ್ತದೆ. ಟಿಲ್ಲರ್ ಇವತ್ತು ಸಮೋಸ ತಿಂದು ಬಂದಿದೆ ಎಂದು ಮಕ್ಕಳು ನಗುತ್ತಾರೆ.

ಎಲ್ಲವೂ ಸುಖಾಂತ್ಯವಾಯಿತೆಂದು ಹೇಳಲಾರೆ. ಒಂದು ಜುಮಾ ಖುತ್ಬಾದಲ್ಲಿ ಮೌಲಾನಾರು ಬಳಸಿದ ಎಣ್ಣೆಯ ಬಗ್ಗೆ ಮಾತನಾಡಿದ ನಂತರ ಹಲವು ಮನೆಗಳು, ಎರಡು ಶಾದಿ ಮಹಲ್‌ಗಳು ಎಣ್ಣೆಯನ್ನು ಬೇರೆಯಾಗಿ ಎತ್ತಿಡಲು ಆರಂಭಿಸಿದವು. ಆದರೆ ಕೆಲವು ಅಂಗಡಿಗಳ ಡಬ್ಬಿಗಳು ಇಂದಿಗೂ ಹೆಚ್ಚು ಬೆಲೆ ಕೊಡುವವನ ಕಡೆಗೇ ಹೋಗುತ್ತಿವೆ. ಬಡ ಅಂಗಡಿಯವನಿಗೆ ಆ ಹಣವೂ ಬೇಕು. ಅವನನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಅವನ ಡಬ್ಬಿಗೆ ನ್ಯಾಯವಾದ ಬೆಲೆ ಕೊಡುವ ವ್ಯವಸ್ಥೆಯನ್ನು ನಮ್ಮ ಜಮಾಅತ್‌ಗಳು, ಸಂಘಸಂಸ್ಥೆಗಳು ಮಾಡಬೇಕು. ಮಸೀದಿ ಕಟ್ಟಡದ ಬಣ್ಣಕ್ಕೆ, ಸಮಾರಂಭಗಳ ದೀಪಾಲಂಕಾರಕ್ಕೆ ಹಣ ಹೊಂದಿಸುವ ನಮಗೆ ಇದು ಅಸಾಧ್ಯವೇನಲ್ಲ. ಪರವಾನಗಿ ಪಡೆದು ಬಳಸಿದ ಎಣ್ಣೆ ಸಂಗ್ರಹಿಸುವ ಸಂಸ್ಥೆಗಳು ನಗರಗಳಲ್ಲಿವೆ. ಹತ್ತು ಶಾದಿ ಮಹಲ್‌ಗಳು ಒಟ್ಟಾದರೆ ಅವು ನಮ್ಮ ಬಾಗಿಲಿಗೇ ಬಂದಾವು.

ಪ್ರತಿಯೊಬ್ಬರೂ ಬಯೋಡೀಸೆಲ್ ತಯಾರಿಸಬೇಕಿಲ್ಲ. ಮನೆಯಲ್ಲಿ ಕರಿದ ಎಣ್ಣೆಯನ್ನು ಎರಡನೇ ಸಲ, ಮೂರನೇ ಸಲ ಮಕ್ಕಳ ತಟ್ಟೆಗೆ ಬಡಿಸದಿರುವುದು, ಮೋರಿಗೆ ಸುರಿಯದಿರುವುದು, ಮದುವೆಯ ಊಟದಲ್ಲಿ ಕರಿದ ಬಗೆಗಳನ್ನು ಒಂದೆರಡಾದರೂ ಕಡಿಮೆ ಮಾಡುವುದು ನಮ್ಮ ತಾಯಂದಿರ, ಸಹೋದರಿಯರ, ನಮ್ಮೆಲ್ಲರ ಕೈಯಲ್ಲಿದೆ. ಜಮೀನಿರುವವರು ಬದುವಿನಲ್ಲಿ ಒಂದು ಹೊಂಗೆ ಸಸಿ ನೆಡಬಹುದು. ಅಂತ್ಯದಿನ ಬಂದೇ ಬಿಟ್ಟರೂ ಕೈಯಲ್ಲಿರುವ ಸಸಿಯನ್ನು ಸಾಧ್ಯವಾದರೆ ನೆಟ್ಟುಬಿಡಬೇಕೆಂದು ಕಲಿಸಿದ ಪ್ರವಾದಿ(ಸ)ರ ಅನುಯಾಯಿಗಳು ನಾವು. ದಾದಾ ಹೊಂಗೆ ನೆಡುವಾಗ ಟಿಲ್ಲರನ್ನು ಕಂಡಿರಲಿಲ್ಲ. ಮೊಮ್ಮಗನ ಸಾಲದ ಕಂತನ್ನಂತೂ ಊಹಿಸಿಯೂ ಇರಲಿಲ್ಲ. ಅವರ ಮರದ ನೆರಳಿನಲ್ಲಿ ಕುಳಿತ ದಾರಿಹೋಕ, ಕಾಯಿ ಆರಿಸಿ ಒಲೆ ಹಚ್ಚಿದ ವಿಧವೆ, ಹೂವಿಗೆ ಬಂದ ಜೇನುನೊಣ, ಎಲ್ಲವೂ ಅವರ ಖಾತೆಗೆ ಜಮೆಯಾಗುತ್ತಿರಬಹುದೆಂಬುದು ನಮ್ಮ ನಿರೀಕ್ಷೆ.

ನನ್ನ ಪುಸ್ತಕದಲ್ಲಿ ಲೀಟರಿನ ಲೆಕ್ಕವಿದೆ, ರೂಪಾಯಿಯ ಲೆಕ್ಕವಿದೆ. ಆ ನಾಲ್ಕು ಟಗರುಗಳ ನಷ್ಟವನ್ನೂ ಬರೆದಿಟ್ಟಿದ್ದೇನೆ. ತಿನ್ನದೆ ಉಳಿದ ಬಜ್ಜಿಯ ಲೆಕ್ಕಕ್ಕೆ, ಕೆಡದೆ ಉಳಿದ ಆರೋಗ್ಯದ ಲೆಕ್ಕಕ್ಕೆ ನನ್ನ ಬಳಿ ಕಾಲಮ್ಮಿಲ್ಲ. ಅದನ್ನು ಬರೆದುಕೊಳ್ಳುವವರು ನಮ್ಮ ಹೆಗಲ ಮೇಲಿದ್ದಾರೆಂದು ನಾವು ನಂಬಿದ್ದೇವೆ.

ಅಲ್ಲಾಹನು ನಮ್ಮ ಅನ್ನವನ್ನು ಶುದ್ಧಗೊಳಿಸಲಿ, ನಮ್ಮ ಸಂಪಾದನೆಯಲ್ಲಿ ಬರಕತ್ ನೀಡಲಿ, ಅವನು ಕೊಟ್ಟ ಅನುಗ್ರಹಗಳನ್ನು ಪೋಲು ಮಾಡದವರ ಸಾಲಿನಲ್ಲಿ ನಮ್ಮನ್ನೂ ನಮ್ಮ ಸಂತತಿಯನ್ನೂ ಸೇರಿಸಲಿ. ಆಮೀನ್.